ಎದುರಿನ ಕುರ್ಚಿ

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಗಳನ್ನು ನಂಬುವ ಪೈಕಿ ನಾನಲ್ಲ. ಖಾನಾಪುರ ತಾಲೂಕಿನ ಹಾದಿಗಳಲ್ಲಿ ಬಸ್ ಕಂಡಕ್ಟರ್ ಆಗಿ ನೌಕರಿ ಮಾಡಿ ನಿವೃತ್ತನಾದವನು ನಾನು. ಕಣಕುಂಬಿ ಕಡೆಯ ಕಾಡಿನ ತಿರುವಿನಲ್ಲಿ ಒಬ್ಬ ಹೆಂಗಸು ಕೈ ಮಾಡಿ ಬಸ್ ನಿಲ್ಲಿಸಿದಳು, ಹತ್ತಿ ಕುಳಿತಳು, ಮುಂದಿನ ಸ್ಟಾಪಿನಲ್ಲಿ ತಿರುಗಿ ನೋಡಿದರೆ ಸೀಟು ಖಾಲಿ! ಈ ಕಥೆಯನ್ನು ಹೇಳದ ಡ್ರೈವರ್ ನಮ್ಮ ಡಿಪೋದಲ್ಲಿ ಇರಲಿಲ್ಲ. "ಟಿಕೆಟ್ ತಗೊಂಡಿದ್ಲೋ ಇಲ್ಲೋ, ಅಷ್ಟ ಹೇಳ್ರಿ" ಎಂದು ನಾನು ಕೇಳುತ್ತಿದ್ದೆ. ಎಲ್ಲರೂ ನಕ್ಕುಬಿಡುತ್ತಿದ್ದರು. ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಈಗ ನಾನೇ ಒಂದು ಕಥೆ ಹೇಳಲು ಕುಳಿತಿದ್ದೇನೆ. ನಗುವವರು ನಗಲಿ, ನನಗೆ ಬೇಸರವಿಲ್ಲ. ಆದರೆ ಇದು ನಡೆದದ್ದು ಕಾಡಿನಲ್ಲಲ್ಲ, ಕತ್ತಲಲ್ಲಲ್ಲ. ಸುಡುಸುಡು ಮಧ್ಯಾಹ್ನ, ಸಾವಿರಾರು ಮಂದಿ ತುಂಬಿದ ಹಡಗಿನ ಮೇಲೆ, ಊಟದ ಹೊತ್ತಿನಲ್ಲಿ. ಇಂಥ ಕಡೆ ಮನುಷ್ಯನಿಗೆ ಭ್ರಮೆ ಆಗುವುದಕ್ಕೂ ಪುರುಸೊತ್ತು ಇರುವುದಿಲ್ಲ. ಅದಕ್ಕೇ ನನಗೆ ಇದು ಇನ್ನೂ ಬಗೆಹರಿದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಹೆಂಡತಿ ಕಸ್ತೂರಿಯ ತಮ್ಮ ಅಶೋಕನದು ನಂದಗಡದಲ್ಲಿ ಬೀಜ-ಗೊಬ್ಬರದ ಅಂಗಡಿ. ಅವನಿಗೆ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತ್ತು. ಆ ಖುಷಿಗೆ ತನ್ನ ಹೆಂಡತಿಯ ಜೊತೆಗೆ ಅಕ್ಕನನ್ನೂ ನನ್ನನ್ನೂ ಸೇರಿಸಿ ಹಡಗಿನ ಪ್ರವಾಸಕ್ಕೆ ಟಿಕೆಟ್ ಮಾಡಿಸಿದ. ಮುಂಬಯಿಯಲ್ಲಿ ಹತ್ತುವುದು, ಗೋವಾದಲ್ಲಿ ಒಂದು ದಿನ ನಿಲ್ಲುವುದು, ಆಮೇಲೆ ಸಮುದ್ರದಲ್ಲಿ ಸುತ್ತಾಡಿಕೊಂಡು ಮತ್ತೆ ಮುಂಬಯಿ. ಈ ಸುದ್ದಿ ಕೇಳಿ ನಮ್ಮ ಓಣಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಖಾನಾಪುರದವರಿಗೆ ಗೋವಾ ಎಂದರೆ ಘಟ್ಟ ಇಳಿದರೆ ಸಿಗುವ ಊರು. ಕುಲದೇವರು ಅಲ್ಲಿ, ಬೀಗರು ಅಲ್ಲಿ, ಮೀನು ಅಲ್ಲಿಂದ. ನಾವು ಮಾತ್ರ ಬೆಳಗಾವಿಗೆ ಹೋಗಿ, ಅಲ್ಲಿಂದ ಮುಂಬಯಿ ಬಸ್ ಹಿಡಿದು, ಅಷ್ಟು ದೂರ ಹೋಗಿ ಹಡಗು ಹತ್ತಿ, ತಿರುಗಿ ನಮ್ಮ ಬಾಜೂಕಿನ ಗೋವಾಕ್ಕೇ ಬರುವವರು. "ನಡಕೋತ ಹೋಗಿದ್ರ ಇಷ್ಟೊತ್ತಿಗೆ ಮುಟ್ಟತಿದ್ರಿ" ಎಂದು ಪಕ್ಕದ ಮನೆಯವರು ಹಡಗಿಗೇ ಫೋನ್ ಮಾಡಿ ಚೇಷ್ಟೆ ಮಾಡಿದರು.

ಹಡಗು ದೊಡ್ಡದು. ನಮ್ಮ ತಾಲೂಕಿನ ಸಂತೆಯನ್ನೇ ಎತ್ತಿ ನೀರಿನ ಮೇಲೆ ಇಟ್ಟಷ್ಟು ಗದ್ದಲ. ರಜೆಯ ದಿನಗಳಾದ್ದರಿಂದ ಕಾಲಿಡಲು ಜಾಗವಿರಲಿಲ್ಲ. ಊಟದ ಹಾಲ್ ಮೇಲಿನ ಅಂತಸ್ತಿನಲ್ಲಿ, ನಮ್ಮ ಕೋಣೆ ಬಹಳ ಕೆಳಗೆ. ಊಟ ಬೇಕಾದಷ್ಟು ಇರುತ್ತಿತ್ತು, ಕೂರಲು ಕುರ್ಚಿ ಇರುತ್ತಿರಲಿಲ್ಲ. ಮೊದಲ ದಿನ ತಾಟು ಹಿಡಿದುಕೊಂಡು ನಿಂತೇ ಉಂಡೆವು. ಕಸ್ತೂರಿಗೆ ಮೊಣಕಾಲು ನೋವು, ಮೇಲಾಗಿ ಶುಗರ್. ಊಟಕ್ಕೆ ಮುಂಚೆ ಇನ್ಸುಲಿನ್ ಇಂಜೆಕ್ಷನ್ ತಗೊಳ್ಳುತ್ತಾಳೆ. ತಗೊಂಡ ಮೇಲೆ ಊಟ ತಡವಾಗಬಾರದು. ಇದು ನಮ್ಮ ಮನೆಯಲ್ಲಿ ದೇವರ ಪೂಜೆಗಿಂತ ಕಟ್ಟುನಿಟ್ಟಾದ ನೇಮ.

ಗೋವಾ ಬಂತು. ಅಶೋಕ ಮತ್ತು ಅವನ ಹೆಂಡತಿ ಕುಲದೇವಿಯ ದರ್ಶನಕ್ಕೆ ಇಳಿದರು. "ಅಕ್ಕಾ, ನೀವೂ ಬರ್ರಿ, ಟ್ಯಾಕ್ಸಿ ಮಾಡೂಣು" ಎಂದು ಅಶೋಕ ಕರೆದ. ಕಸ್ತೂರಿ ಒಪ್ಪಲಿಲ್ಲ. "ವರ್ಷಾ ಎರಡು ಸಲ ಬರ್ತೀವೋ ಮಾರಾಯಾ. ಈ ಬಿಸಲಾಗ ನನ್ನ ಎಳದಾಡಬ್ಯಾಡ. ದೇವಿಗೆ ನನ್ನ ನಮಸ್ಕಾರ ಹೇಳು" ಎಂದಳು. ಅವಳಿಲ್ಲದೆ ನಾನೆಲ್ಲಿ ಹೋಗಲಿ, ನಾನೂ ಉಳಿದೆ. ಎಲ್ಲರೂ ಊರು ನೋಡಲು ಇಳಿಯುತ್ತಾರೆ, ಹಡಗು ಖಾಲಿಯಾಗುತ್ತದೆ, ಇಬ್ಬರೂ ಆರಾಮಾಗಿ ಕುಳಿತು ಉಣ್ಣಬಹುದು ಎಂಬುದು ನಮ್ಮ ಲೆಕ್ಕ.

ಲೆಕ್ಕ ತಪ್ಪಿತು. ಬೆಳಗಾವಿ, ಹುಬ್ಬಳ್ಳಿ, ಕೊಲ್ಹಾಪುರದ ಕಡೆಯಿಂದ ಬಂದವರೆಲ್ಲ ನಮ್ಮ ಹಾಗೆಯೇ ಯೋಚಿಸಿದ್ದರು. ಗೋವಾ ನೋಡದವರು ಯಾರಿದ್ದಾರೆ? ಇಳಿದವರಿಗಿಂತ ಉಳಿದವರೇ ಹೆಚ್ಚು. ಸಾಲದ್ದಕ್ಕೆ ಗೋವಾದಿಂದ ಹೊಸಬರು ಬೇರೆ ಹತ್ತಿದರು. ಅವರ ಕೋಣೆಗಳು ಇನ್ನೂ ತಯಾರಾಗಿರಲಿಲ್ಲ, ಹಾಗಾಗಿ ಎಲ್ಲರೂ ಸೀದಾ ಊಟದ ಹಾಲಿಗೆ ನುಗ್ಗಿದರು.

"ನೀವು ಮುಂದ ಹೋಗಿ ಜಾಗಾ ಹಿಡೀರಿ" ಎಂದಳು ಕಸ್ತೂರಿ. "ನಾ ಸೀರಿ ಉಟಕೊಂಡು, ಇಂಜೆಕ್ಷನ್ ತಗೊಂಡು, ಹಿಂದಿಂದ ಬಂದಬಿಡ್ತೀನಿ. ನಿನ್ನಿ ಗತೆ ನಿಂತು ಉಣ್ಣೂದು ನನ್ನ ಕಡಿಂದ ಆಗೂದಿಲ್ಲ."

ಆಗ ಅವಳು ನೈಟಿಯಲ್ಲಿದ್ದಳು. ಮಂಚದ ಮೇಲೆ ಎರಡು ಸೀರೆ ಹರವಿಕೊಂಡಿದ್ದಳು. ನಾನು ಹೊರಡುವಾಗ ಯಾವುದನ್ನು ಉಡಲಿ ಎಂದು ಕೇಳಿದ ಹಾಗೆ ನೆನಪು. ಯಾವುದಾದರೂ ಉಡು ಎಂದು ಹೇಳಿ ನಾನು ಬಂದೆ. ಹೆಗಲ ಮೇಲೆ ಟಾವೆಲ್ ಇತ್ತು.

ಟಾವೆಲ್ಲಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ಬಸ್ಸು ಸ್ಟ್ಯಾಂಡಿಗೆ ಬರುವುದೇ ತಡ, ಮಂದಿ ಕಿಟಕಿಯೊಳಗಿಂದ ಟಾವೆಲ್, ಕರ್ಚೀಫು, ಚೀಲ, ಸಿಕ್ಕಿದ್ದನ್ನು ಸೀಟಿನ ಮೇಲೆ ಎಸೆಯುತ್ತಾರೆ. ಎಸೆದ ಮೇಲೆ ಆ ಸೀಟು ಅವರ ಅಪ್ಪನ ಆಸ್ತಿ. ಬೇರೆಯವರು ಬಂದರೆ "ಇಲ್ಲೆ ಮಂದಿ ಅದಾರ್ರಿ" ಎಂದು ಹೇಳುತ್ತಾರೆ. ನೋಡಿದರೆ ಸೀಟು ಖಾಲಿ. ಆ ಮಂದಿ ಇನ್ನೂ ಚಹಾ ಅಂಗಡಿಯಲ್ಲಿ ಇರುತ್ತಾರೆ. ಇದಕ್ಕಾಗಿ ಆದ ಜಗಳ ಬಿಡಿಸುವುದರಲ್ಲೇ ನನ್ನ ಅರ್ಧ ನೌಕರಿ ಹೋಯಿತು. "ಟಾವೆಲ್ಲಿಗೆ ಟಿಕೆಟ್ ತಗಸೀರೇನು?" ಎಂದು ಎಷ್ಟು ಮಂದಿಗೆ ಬೈದಿದ್ದೇನೋ. ಅಂಥವನು ಆ ದಿನ ಹಡಗಿನಲ್ಲಿ, ಕಿಟಕಿಯ ಪಕ್ಕ ಇಬ್ಬರು ಕೂರುವ ಮೇಜು ಖಾಲಿಯಾದದ್ದು ಕಂಡ ಕೂಡಲೇ, ದೂರದಿಂದಲೇ ಟಾವೆಲ್ ಎಸೆದೆ. ಅದು ಸರಿಯಾಗಿ ಎದುರಿನ ಕುರ್ಚಿಯ ಮೇಲೆ ಬಿತ್ತು. ನಾನು ಈಚೆಯ ಕುರ್ಚಿಯಲ್ಲಿ ಕುಳಿತೆ. ನಿಜ ಹೇಳಬೇಕೆಂದರೆ ಬಹಳ ಹೆಮ್ಮೆ ಅನ್ನಿಸಿತು.

ಕುರ್ಚಿ ಹಿಡಿದದ್ದಾಯಿತು, ಕಾಯುವುದು ಕಷ್ಟವಾಯಿತು. ತಾಟು ಹಿಡಿದ ಮಂದಿ ಒಬ್ಬರ ಹಿಂದೆ ಒಬ್ಬರು ಬಂದು ಕೇಳುತ್ತಿದ್ದರು. ಕೆಲವರು ಹಿಂದಿಯಲ್ಲಿ, ಕೆಲವರು ಮರಾಠಿಯಲ್ಲಿ. ಮಂದಿ ಇದ್ದಾರೆ, ಮಂದಿ ಇದ್ದಾರೆ ಎಂದು ನಾನು ಹೇಳುತ್ತಲೇ ಇದ್ದೆ. ಒಬ್ಬ ದಪ್ಪ ಗೃಹಸ್ಥ ಸಿಟ್ಟಿನಿಂದ ಗೊಣಗಿ ಹೋದ. ಪಕ್ಕದ ಮೇಜಿನವರು ಕುರ್ಚಿಯ ಮೇಲೆ ಚೀಲ ಇಟ್ಟು ಎದ್ದು ಹೋಗಿದ್ದರು. ಸಪ್ಲಾಯರ್ ಬಂದು ಆ ಚೀಲ ಎತ್ತಿ ಕೆಳಗಿಟ್ಟು ಬೇರೆಯವರನ್ನು ಕೂರಿಸಿದ. ಅದನ್ನು ನೋಡಿದ ಮೇಲೆ ನನಗೆ ಏಳಲು ಧೈರ್ಯವಾಗಲಿಲ್ಲ. ಎದ್ದರೆ ಎರಡೂ ಹೋಗುತ್ತವೆ. ಹಸಿವಾಗಿತ್ತು, ತಾಟು ತರಲು ಹೋಗುವ ಹಾಗಿಲ್ಲ. ಕಸ್ತೂರಿ ಬರಲಿಲ್ಲ.

ಅವಳಿಗೆ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಅವಳ ಫೋನು ಯಾವಾಗಲೂ ಪರ್ಸಿನ ತಳದಲ್ಲಿ, ಪರ್ಸು ಬ್ಯಾಗಿನ ತಳದಲ್ಲಿ. ಲಿಫ್ಟಿಗೆ ಪಾಳಿ ಹಚ್ಚಿ ನಿಂತಿರಬೇಕು ಎಂದುಕೊಂಡೆ. ಮೊಣಕಾಲು ನೋವು ಬೇರೆ. ಮೊದಲೇ ಅವಳು ಹೊರಡುವುದು ನಿಧಾನ.

ಸ್ವಲ್ಪ ಹೊತ್ತಿನ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಆ ಕುರ್ಚಿಯನ್ನು ಈಗ ಯಾರೂ ಕೇಳುತ್ತಿರಲಿಲ್ಲ. ಗದ್ದಲ ಕಡಿಮೆಯಾಗಿರಲಿಲ್ಲ, ತಾಟು ಹಿಡಿದವರು ಇನ್ನೂ ಅಲೆಯುತ್ತಿದ್ದರು. ನನ್ನ ಮೇಜಿನ ಹತ್ತಿರ ಬರುತ್ತಿದ್ದರು, ಎದುರಿನ ಕುರ್ಚಿಯ ಕಡೆ ನೋಡುತ್ತಿದ್ದರು, ಹಾಗೆಯೇ ಮುಂದೆ ಹೋಗುತ್ತಿದ್ದರು. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಹಿಂದೆ ಹಿಂದೆ ಸರಿಯುತ್ತ ಬಂದು ಆ ಕುರ್ಚಿಗೆ ತಾಗಿದಳು. ಕೂಡಲೇ ತಿರುಗಿ "ಸಾರಿ ಆಂಟಿ" ಎಂದಳು. ಹಿಂದಿನ ಮೇಜಿನಲ್ಲಿ ಯಾರಿಗೋ ಹೇಳಿದಳು ಎಂದುಕೊಂಡೆ. ನನ್ನ ಟಾವೆಲ್ಲಿನ ದರ್ಬಾರು ನಡೆಯುತ್ತಿದೆ ಎಂದು ಒಳಗೊಳಗೇ ನಗುವೂ ಬಂತು.

ಆಮೇಲೆ ಸಪ್ಲಾಯರ್ ಬಂದ. ಚೀಲ ಎತ್ತಿ ಕೆಳಗಿಟ್ಟ ಅದೇ ಮನುಷ್ಯ, ನಡುವಯಸ್ಸಿನವನು, ಮುಖದ ಮೇಲೆ ದಣಿವು. ಅವನನ್ನು ನೋಡಿ ಕುರ್ಚಿ ಹೋಯಿತು ಎಂದು ನಾನು ಗಟ್ಟಿಯಾಗಿ ಕುಳಿತೆ. ಅವನು ಟಾವೆಲ್ ಮುಟ್ಟಲಿಲ್ಲ. ಎರಡು ಗ್ಲಾಸು ನೀರು ಇಟ್ಟ, ಒಂದು ನನ್ನ ಮುಂದೆ, ಒಂದು ಎದುರಿಗೆ. ಎದುರಿನ ಕುರ್ಚಿಯ ಕಡೆ ಸ್ವಲ್ಪ ಬಗ್ಗಿ ನಿಂತ. ಹಾಲಿನಲ್ಲಿ ಹಾಡು ಹಚ್ಚಿದ್ದರು, ನನಗೆ ಏನೂ ಕೇಳಿಸಲಿಲ್ಲ. ತಲೆಯಾಡಿಸಿ ಹೋದ. ಮೇಜು ಒರೆಸಲು ಬಗ್ಗಿರಬೇಕು ಎಂದುಕೊಂಡೆ. ನೋಡಿ, ಮನುಷ್ಯನಿಗೆ ಎಲ್ಲದಕ್ಕೂ ಒಂದು ಕಾರಣ ಸಿಕ್ಕೇ ಸಿಗುತ್ತದೆ.

ತಿರುಗಿ ಬಂದಾಗ ಅವನ ಕೈಯಲ್ಲಿ ಒಂದು ದೊಡ್ಡ ಗ್ಲಾಸು ಲಿಂಬು ಶರಬತ್ತು ಇತ್ತು. ಅದನ್ನು ಎದುರಿಗೆ ಇಟ್ಟ. ಇದನ್ನು ಯಾರು ಕೇಳಿದ್ದು ಎಂದು ನಾನು ಹಿಂದಿಯಲ್ಲಿ ಕೇಳಿದೆ. ಮೇಡಂ ಕೇಳಿದರು ಎಂದ. ಅವನಿಗೆ ಮೇಜು ತಪ್ಪಿದೆ ಎಂದುಕೊಂಡೆ. ಸಕ್ಕರೆ ಹಾಕಿದೆಯೇ ಎಂದು ಕೇಳಿದೆ. ಹೌದು, ಚೆನ್ನಾಗಿ ಹಾಕಿಸಿದ್ದೇನೆ ಎಂದ. ನನಗೆ ಸಿಟ್ಟು ಬಂತು. ನಮ್ಮ ಮನೆಯವರಿಗೆ ಶುಗರ್ ಇದೆ, ಅವರು ಇದನ್ನು ಮುಟ್ಟುವ ಹಾಗಿಲ್ಲ, ತಗೊಂಡು ಹೋಗು ಎಂದೆ. ಅವನು ನನ್ನನ್ನೊಮ್ಮೆ, ಎದುರಿನ ಕುರ್ಚಿಯನ್ನೊಮ್ಮೆ ನೋಡಿದ. ಏನೋ ಹೇಳಲು ಹೊರಟ. ಅಷ್ಟರಲ್ಲಿ ಬೇರೆ ಮೇಜಿನಿಂದ ಕರೆದರು, ಗ್ಲಾಸು ಅಲ್ಲಿಯೇ ಬಿಟ್ಟು ಹೋದ. ನಾನು ಅದನ್ನು ಎದುರಿನ ಕುರ್ಚಿಯ ಮುಂದಿನಿಂದ ಸರಿಸಿ ಕಿಟಕಿಯ ಅಂಚಿಗೆ, ನನ್ನ ಕಡೆಗೆ, ದೂರ ಇಟ್ಟೆ. ಅವಳು ಬಂದಾಗ ಕಣ್ಣಿಗೆ ಬೀಳುವುದು ಬೇಡ ಎಂದು.

ಹಾಗೆ ಇಟ್ಟ ಮೇಲೆ ಏಕೋ ಮನಸ್ಸು ನಿಲ್ಲದಾಯಿತು. ಮತ್ತೆ ಫೋನ್ ಮಾಡಿದೆ, ಎತ್ತಲಿಲ್ಲ. ಎದ್ದು ಹೋಗಿ ನೋಡಲೇ, ಈ ಕುರ್ಚಿ ಬಿಡಲೇ ಎಂದು ಹೊಯ್ದಾಡುತ್ತಿದ್ದೆ. ಅಷ್ಟರಲ್ಲಿ ಬಲಗಡೆಯ ಮೇಜಿನ ಹೆಣ್ಣುಮಗಳು ನನ್ನ ಕಡೆ ವಾಲಿದಳು. ಅವರು ಹುಬ್ಬಳ್ಳಿಯವರು, ಕನ್ನಡ ಮಾತಾಡುವುದು ನನಗೆ ಆಗಿನಿಂದಲೂ ಕೇಳಿಸುತ್ತಿತ್ತು.

"ಅಣ್ಣಾರ, ತಪ್ಪ ತಿಳೀಬ್ಯಾಡ್ರಿ" ಎಂದಳು. "ವೈನಿಯಾರಿಗೆ ಆರಾಮಿಲ್ಲೇನ್ರಿ? ಭಾಳ ಬೆವತಾರ."

"ಯಾರಿಗ್ರಿ?"

"ಇವರಿಗರೀ. ನಿಮ್ಮ ಮನಿಯವರಿಗೆ." ಎದುರಿನ ಕುರ್ಚಿಯ ಕಡೆ ಕಣ್ಣು ತೋರಿಸಿದಳು.

ನಾನು ನೋಡಿದೆ. ಕುರ್ಚಿ ಇತ್ತು. ಕುರ್ಚಿಯ ಮೇಲೆ ನನ್ನ ಟಾವೆಲ್ ಇತ್ತು. ಪಕ್ಕದಲ್ಲಿ ಕಿಟಕಿ, ಕಿಟಕಿಯಾಚೆ ಬಂದರಿನ ಕ್ರೇನು. ಬೇರೇನೂ ಇರಲಿಲ್ಲ. ಇದನ್ನು ನಾನು ಎಷ್ಟು ಸಲ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ.

ತಿರುಗಿ ಆ ಹೆಣ್ಣುಮಗಳ ಮುಖ ನೋಡಿದೆ. ಚೇಷ್ಟೆ ಮಾಡುವ ಮುಖವಲ್ಲ ಅದು. ಅವಳು ನನ್ನನ್ನು ನೋಡುತ್ತಲೂ ಇರಲಿಲ್ಲ. ಕುರ್ಚಿಯನ್ನೇ ನೋಡುತ್ತಿದ್ದಳು, ಅದೂ ಮನುಷ್ಯರ ಮುಖ ಇರುವಷ್ಟು ಎತ್ತರದಲ್ಲಿ. ಅವಳ ಹುಬ್ಬು ಗಂಟಾಗಿತ್ತು.

"ಮೊದಲ ಅದನ್ನ ಕುಡಸ್ರಿ ಅವರಿಗೆ" ಎಂದಳು, ಈಗ ದನಿಯಲ್ಲಿ ಗದರಿಕೆ ಇತ್ತು. "ಕೈ ಹೆಂಗ ನಡಗಾಕತ್ತಾವ ನೋಡ್ರಿ. ಆಗಿಂದ ಆ ಗ್ಲಾಸಿನ ಕಡೇನ ನೋಡಾಕತ್ತಾರ. ನೀವು ನೋಡಿದ್ರ ದೂರ ಸರಿಸಿ ಇಟ್ಟೀರಿ."

ಬೆವರು, ಕೈ ನಡುಕ. ಈ ಎರಡೂ ನನಗೆ ಗೊತ್ತಿದ್ದವೇ. ಶುಗರ್ ಇಳಿದಾಗ ಹೀಗೇ ಆಗುತ್ತದೆ. ಹಿಂದೊಮ್ಮೆ ಬೆಳಗಾವಿಯ ಪೇಟೆಯಲ್ಲಿ ಸೀರೆ ಆರಿಸುತ್ತ ಆರಿಸುತ್ತ ಅವಳು ಹೀಗೇ ಬೆವತು, ಕೈ ನಡುಗಿ, ಅಂಗಡಿಯ ಗಾದಿಯ ಮೇಲೆ ಕುಸಿದಿದ್ದಳು. ಅಂಗಡಿಯವರು ಬಾಯಿಗೆ ಸಿಹಿ ಕುಂದಾ ತಿನ್ನಿಸಿ ಉಳಿಸಿದ್ದರು. ಇಂಜೆಕ್ಷನ್ ತಗೊಂಡು ಬರುತ್ತೇನೆ ಎಂದವಳು ಇನ್ನೂ ಬಂದಿಲ್ಲ. ಉಂಡಿಲ್ಲ. ಇದು ನನ್ನ ತಲೆಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ನಾನು ಎದ್ದು ಓಡಿದೆ. ಲಿಫ್ಟಿನ ಮುಂದೆ ಊರು ನೋಡಿ ಬಂದ ಮಂದಿ ಗೋಡಂಬಿ ಚೀಲ ಹಿಡಿದುಕೊಂಡು ಗುಂಪುಗಟ್ಟಿದ್ದರು. ಮೆಟ್ಟಿಲು ಹಿಡಿದೆ. ಎಷ್ಟು ಇಳಿದೆನೋ, ಒಂದು ಅಂತಸ್ತು ಮೊದಲೇ ತಿರುಗಿಬಿಟ್ಟೆ. ಹಡಗಿನಲ್ಲಿ ಎಲ್ಲ ಅಂತಸ್ತೂ ಒಂದೇ ಥರ, ಅದೇ ಕೆಂಪು ಜಮಖಾನೆ, ಅದೇ ಬಾಗಿಲುಗಳ ಸಾಲು. ನಮ್ಮದಲ್ಲದ ಬಾಗಿಲಿಗೆ ಕೀಲಿಯ ಕಾರ್ಡು ತಿಕ್ಕಿದೆ. ತೆರೆಯಲಿಲ್ಲ. ಕಸ್ತೂರಿ, ಕಸ್ತೂರಿ ಎಂದು ಬಡಿದೆ. ಒಳಗಿನಿಂದ ಯಾರೋ ಹಿಂದಿಯಲ್ಲಿ ಬೈದರು. ಮತ್ತೆ ಮೆಟ್ಟಿಲಿಗೆ ಓಡಿದೆ. ದೇವರೇ, ಅವಳನ್ನು ಉಳಿಸಿ ಕೊಡು ಎಂದು ಬಾಯಿ ಬಿಟ್ಟು ಅನ್ನುತ್ತಿದ್ದೆ, ನಾಚಿಕೆಯೇ ಇರಲಿಲ್ಲ. ಅವಳಿಲ್ಲದ ಖಾನಾಪುರದ ಮನೆ, ಅಡುಗೆಮನೆಯ ಆ ಕತ್ತಲೆ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು.

ನಮ್ಮ ಕೋಣೆಯ ಬಾಗಿಲು ತೆರೆದೆ. ಕಸ್ತೂರಿ ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಬಿದ್ದಿದ್ದಳು. ಹಸಿರು ಸೀರೆ ಉಡುತ್ತಿದ್ದಳು, ಅರ್ಧಕ್ಕೇ ನಿಂತಿತ್ತು. ನಿರಿಗೆ ಸಿಕ್ಕಿಸಿಕೊಂಡಿದ್ದಳು, ಸೆರಗು ನೆಲದ ಮೇಲೆ ಹಾಸಿತ್ತು. ಸೆರಗಿಗೆ ಹಚ್ಚುವ ಪಿನ್ನು ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ಮೈಯೆಲ್ಲ ಬೆವರು. ಹಲ್ಲು ಕಚ್ಚಿದ್ದಳು. ಕರೆದರೆ ಓಗೊಡಲಿಲ್ಲ.

ಚಹಾ ಮಾಡಿಕೊಳ್ಳಲು ಕೋಣೆಯಲ್ಲಿ ಇಟ್ಟಿದ್ದ ಸಕ್ಕರೆಯ ಪುಡಿಕೆಗಳನ್ನು ಹರಿದು, ಒದ್ದೆ ಬೆರಳಿಗೆ ಹಚ್ಚಿ ಅವಳ ವಸಡಿಗೆ ತಿಕ್ಕಿದೆ. ಇನ್ನೊಂದು ಕೈಯಲ್ಲಿ ಕೋಣೆಯ ಫೋನು ಎತ್ತಿ ಕೂಗಿದೆ. ಯಾವ ಭಾಷೆಯಲ್ಲಿ ಕೂಗಿದೆನೋ ತಿಳಿಯದು. ಡಾಕ್ಟರ್ ಬಂದರು, ನರ್ಸ್ ಬಂದಳು, ಸಲೈನ್ ಹಚ್ಚಿದರು. ಇನ್ನೂ ಸ್ವಲ್ಪ ತಡವಾಗಿದ್ದರೆ ನಾವು ಏನೂ ಮಾಡುವಂತಿರಲಿಲ್ಲ ಎಂದು ಡಾಕ್ಟರ್ ಆಮೇಲೆ ಹೇಳಿದರು. ಕಸ್ತೂರಿ ಕಣ್ಣು ತೆರೆದು ನನ್ನನ್ನು ನೋಡಿದಾಗ ನಾನು ಮಗುವಿನ ಹಾಗೆ ಅತ್ತೆ. ಅವಳು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು, ಆಮೇಲೆ ಕಣ್ಣು ಮುಚ್ಚಿಕೊಂಡಳು.

ಅಶೋಕ ಬಂದು ಅಕ್ಕನ ಹತ್ತಿರ ಕುಳಿತ ಮೇಲೆ ನಾನು ಮೇಲೆ ಹೋದೆ. ಹೋಗದೆ ಇರಲು ಆಗಲಿಲ್ಲ. ಹುಬ್ಬಳ್ಳಿಯ ಹೆಣ್ಣುಮಗಳು ಡೆಕ್ಕಿನ ಮೇಲೆ ಸಿಕ್ಕಳು. ನನ್ನನ್ನು ಕಂಡವಳೇ ಎದ್ದು ಬಂದಳು.

"ಈಗ ಹೆಂಗದಾರ್ರಿ ವೈನಿಯಾರು? ನೀವು ಅವರನ್ನ ಅಲ್ಲೇ ಬಿಟ್ಟು ಎದ್ದು ಓಡಿದ್ರಿ. ನನಗ ಗಾಬರಿ ಆತು. ಗ್ಲಾಸ್ ತಗೊಂಡು ನಾನ ಕುಡಸೂಣಂತ ಎದ್ದೆ, ನಡುವ ಮಂದಿ ಅಡ್ಡ ಬಂದ್ರು. ನೋಡಿದ್ರ ಅವರೂ ಇಲ್ಲ. ನಿಮ್ಮ ಹಿಂದ ಬಂದ್ರು ಅನಕೊಂಡೆ."

ಅವರು ಯಾವ ಸೀರೆ ಉಟ್ಟಿದ್ದರು ಎಂದು ಕೇಳಿದೆ. ಕೇಳುವಾಗ ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು.

"ಹಸರ ಸೀರಿ. ಸೆರಗ ಜಾರಿ ಬಿದ್ದಿತ್ತು, ಪಿನ್ನ ಹಚ್ಚಿರಲಿಲ್ಲ. ಅದಕ್ಕ ನನಗ ಸಂಶೆ ಬಂತು. ಯಾ ಹೆಣ್ಮಗಳು ಮಂದ್ಯಾಗ ಹಂಗ ಕುಂದರತಾಳ್ರಿ?"

ಸಪ್ಲಾಯರನನ್ನೂ ಹುಡುಕಿದೆ. ಅವನು ರತ್ನಾಗಿರಿ ಕಡೆಯವನು. ಮೇಡಂ ಬಹಳ ಸಣ್ಣ ದನಿಯಲ್ಲಿ ಮಾತಾಡಿದರು, ಬಗ್ಗಿ ಕೇಳಬೇಕಾಯಿತು ಎಂದ. "ಕಾಹೀತರಿ ಗೋಡ್ ದ್ಯಾ" ಎಂದರಂತೆ, ಏನಾದರೂ ಸಿಹಿ ಕೊಡಿ ಎಂದು. ತನ್ನ ಮರಾಠಿ ಭಾಷೆ ಕೇಳಿ ಅವನಿಗೆ ಖುಷಿಯಾಗಿ ತಾನೇ ಸಕ್ಕರೆ ಜಾಸ್ತಿ ಹಾಕಿಸಿ ತಂದನಂತೆ. ಕಸ್ತೂರಿ ಕನ್ನಡ ಬಾರದವರೊಡನೆ ಯಾವಾಗಲೂ ಮರಾಠಿಯಲ್ಲೇ ಮಾತಾಡುತ್ತಾಳೆ. ಹಿಂದಿ ಅವಳ ನಾಲಗೆಗೆ ಹೊರಳುವುದಿಲ್ಲ. ಇದು ಅವನಿಗೆ ಹೇಗೆ ಗೊತ್ತಾಗಬೇಕು?

ನಾನು ಈ ವಿಷಯವನ್ನು ಅಶೋಕನಿಗೆ ಹೇಳಲಿಲ್ಲ, ಕಸ್ತೂರಿಗೂ ಹೇಳಲಿಲ್ಲ. ಅವಳು ಬಹಳ ಹೊತ್ತು ಬರಲಿಲ್ಲ, ಅನುಮಾನ ಬಂದು ಕೆಳಗೆ ಇಳಿದೆ ಎಂದಷ್ಟೇ ಹೇಳಿದೆ. ಶರಬತ್ತಿನ ಗ್ಲಾಸಿನ ಮಾತು ನನ್ನ ಬಾಯಿಂದ ಬರುವುದು ಸಾಧ್ಯವೇ ಇರಲಿಲ್ಲ. ಮುಂಬಯಿಗೆ ಬಂದೆವು, ಊರಿಗೆ ಬಂದೆವು. ಮಾರನೆಯ ವಾರ ಬೆಳಗಾವಿಯ ಸದಾಶಿವನಗರದಲ್ಲಿ ಅವಳನ್ನು ಮೊದಲಿನಿಂದ ನೋಡುವ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರ್ ವಯಸ್ಸಾದವರು, ಸಮಾಧಾನದ ಮನುಷ್ಯ. ರಿಪೋರ್ಟು ನೋಡಿ, "ಅವತ್ತ ನಿಮಗ ಏನೇನ್ ನೆನಪೈತಿ, ಹೇಳ್ರಿ ನೋಡೂಣು" ಎಂದು ಕಸ್ತೂರಿಯನ್ನು ಕೇಳಿದರು. ಅದುವರೆಗೆ ನಾನು ಕೇಳಿರಲಿಲ್ಲ. ಅವಳು ಹೇಳಿರಲಿಲ್ಲ.

"ಇಂಜೆಕ್ಷನ್ ತಗೊಂಡೆ" ಎಂದಳು. "ಸೀರಿ ಉಡಾಕತ್ತಿದ್ದೆ. ಆಮ್ಯಾಲ ಮ್ಯಾಲ ಹ್ವಾದೆ."

"ಮ್ಯಾಲ ಅಂದ್ರ?"

"ಊಟದ ಹಾಲಿಗೆ. ಹೆಂಗ ಹ್ವಾದೆ ನೆನಪಿಲ್ಲ. ಇವರ ಎದುರಿಗೆ ಕುಂತಿದ್ದೆ. ಭಾಳ ಸುಸ್ತ ಆಗಿತ್ತು. ಒಬ್ಬಾಕಿ ಹುಡುಗಿ ಬಂದು ಮೈಗೆ ತಾಗಿದ್ಲು. ಸಪ್ಲಾಯರಗ ಏನರೆ ಸಿಹಿ ಕೊಡು ಅಂದೆ, ತಂದ ಇಟ್ಟ." ಅವಳು ನನ್ನ ಕಡೆ ನೋಡದೆ, ತನ್ನ ಕೈ ನೋಡಿಕೊಳ್ಳುತ್ತ ಹೇಳುತ್ತಿದ್ದಳು. "ಇವರು ಅದನ್ನ ಕಿಟಕಿ ಕಡೆ ಸರಿಸಿಬಿಟ್ರು. ನನಗ ಕೈ ಮುಟ್ಟಲಿಲ್ಲ."

ಗ್ಲಾಸು ಸರಿಸಿದ್ದನ್ನು ನೋಡಿದವಳು ಹುಬ್ಬಳ್ಳಿಯ ಆ ಹೆಣ್ಣುಮಗಳು ಒಬ್ಬಳೇ. ಕಸ್ತೂರಿ ಅವಳನ್ನು ಒಮ್ಮೆಯೂ ಭೇಟಿಯಾಗಿಲ್ಲ. ಸಲೈನ್ ಹಚ್ಚಿಕೊಂಡು ಮಲಗಿದವಳು ಹಡಗು ಮುಂಬಯಿ ಮುಟ್ಟುವವರೆಗೆ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ.

ಡಾಕ್ಟರ್ ನಕ್ಕು ನನಗೆ ತಿಳಿಸಿ ಹೇಳಿದರು. ಶುಗರ್ ಇಳಿದಾಗ ಮನುಷ್ಯ ಎಚ್ಚರವಿಲ್ಲದವನಂತೆ ಓಡಾಡುತ್ತಾನೆ, ಮಾತಾಡುತ್ತಾನೆ, ಎಲ್ಲಿಗೋ ಹೋಗಿ ಎಲ್ಲಿಗೋ ಬರುತ್ತಾನೆ. ಇವರೂ ಮೇಲೆ ಬಂದಿರಬೇಕು, ಕುಳಿತಿರಬೇಕು, ಎದ್ದು ಕೆಳಗೆ ಹೋಗಿ ಬಿದ್ದಿರಬೇಕು. ಇದರಲ್ಲಿ ವಿಚಿತ್ರವೇನೂ ಇಲ್ಲ ಎಂದರು. ನಾನು ಹೌದ್ರಿ ಎಂದೆ. ಅವರಿಗೆ ಏನು ಹೇಳಲಿ? ಮೊಣಕಾಲು ನೋವಿನವಳು, ಪಿನ್ನು ಮುಷ್ಟಿಯಲ್ಲಿ ಹಿಡಿದು, ಸೆರಗು ಎಳೆದುಕೊಂಡು ಅಷ್ಟು ಅಂತಸ್ತು ಹತ್ತಿ, ನಾನು ಮೆಟ್ಟಿಲು ಇಳಿದು ಓಡುವಷ್ಟರಲ್ಲಿ ನನಗಿಂತ ಮೊದಲು ಕೋಣೆಗೆ ಹೋಗಿ ಸಂದಿಯಲ್ಲಿ ಬಿದ್ದಿರಲು ಸಾಧ್ಯವೇ? ನಾನು ಒಂದು ಅಂತಸ್ತು ತಪ್ಪಿದ್ದೆ, ಅದೂ ನಿಜ. ಸಾಧ್ಯವಿಲ್ಲ ಎಂದು ಒಂದು ಮನಸ್ಸು ಹೇಳುತ್ತದೆ. ಸಾಧ್ಯವಿದ್ದರೂ ಇರಬಹುದು ಎಂದು ಇನ್ನೊಂದು.

ಡಾಕ್ಟರು ಹೇಳಿದ್ದು ಸುಳ್ಳಾದರೆ, ಖಾಲಿ ಕುರ್ಚಿಯಲ್ಲಿ ಮಂದಿಗೆ ನನ್ನ ಹೆಂಡತಿ ಕಂಡದ್ದು ಹೇಗೆ ಎಂಬುದು ನನಗೆ ತಿಳಿಯದು. ಡಾಕ್ಟರು ಹೇಳಿದ್ದು ನಿಜವಾದರೆ ಇನ್ನೂ ಕಷ್ಟ. ಆಗ ಅವಳು ಮೈಯಿಂದಲೇ ಅಲ್ಲಿ ಬಂದು ಕುಳಿತಿದ್ದಳು ಎಂದಾಯಿತು. ನಾನು ಕುರುಡನಲ್ಲ. ನನ್ನ ಕಣ್ಣು ಆ ಕುರ್ಚಿಯನ್ನು ಬಿಟ್ಟು ಬೇರೆಲ್ಲೂ ಹೋಗಿರಲಿಲ್ಲ, ಕಾಯುತ್ತಿದ್ದುದೇ ಅದನ್ನು. ಎರಡರಲ್ಲಿ ಯಾವುದು ನಿಜವಾಗಲಿ ಎಂದು ಬಯಸಬೇಕೋ ಅದೂ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಡಾಕ್ಟರನ್ನು ಕಂಡ ಆ ದಿನ ಖಾನಾಪುರಕ್ಕೆ ಮರಳಿ ಬಂದು, ಅವಳು ಸಕ್ಕರೆಯಿಲ್ಲದ ಚಹಾ ಮಾಡಿಕೊಂಡು ಬಂದು ಕುಳಿತಾಗ, ನಾನು ತಡೆಯಲಾರದೆ ಕೇಳಿದೆ. "ಎದುರಿಗೆ ಕುಂತಿದ್ದಿ ಅಂದ್ರ ನನ್ನ ಯಾಕ ಕರೀಲಿಲ್ಲ ಕಸ್ತೂರಿ?"

"ಕರದೆ" ಎಂದಳು. "ಎರಡ ಸಲ ಕರದೆ. ನೀವು ನನ್ನ ಕಡೇನ ನೋಡಾಕತ್ತಿದ್ರಿ."

ಆಮೇಲೆ ಬಹಳ ಮೆಲ್ಲಗೆ ಕೇಳಿದಳು. "ಯಾ ಊರಿನವಳೋ ಆ ಹುಡುಗಿ, ಆಕಿಗೆ ಕಂಡೆ. ಸಪ್ಲಾಯರಗ ಕಂಡೆ. ನಿಮಗ ಯಾಕ ಕಾಣಲಿಲ್ಲರೀ ನಾ?"

ಸಿಟ್ಟಿನಿಂದ ಕೇಳಿದ್ದರೆ ನಾನೂ ಸಿಟ್ಟಿನಿಂದ ಏನಾದರೂ ಅಂದುಬಿಡುತ್ತಿದ್ದೆ, ಅಂಥ ಮಾತಿಗೆ ನನ್ನ ಹತ್ತಿರ ಬರವಿಲ್ಲ. ಅವಳು ಸಿಟ್ಟಾಗಿರಲಿಲ್ಲ. ತನಗೆ ಗೊತ್ತಿಲ್ಲದ್ದು ನನಗೆ ಗೊತ್ತಿರಬಹುದು ಎಂದು ಕೇಳಿದಳು. ಉತ್ತರಕ್ಕಾಗಿ ಚಹಾ ಆರುವವರೆಗೂ ನನ್ನ ಮುಖ ನೋಡುತ್ತ ಕುಳಿತಿದ್ದಳು.